ಓಡುವವರ ಹಾಡಿನ ಡಬ್ಬಿ

ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಹುಡುಗಿಯರಿಗೆ 400 ಮೀಟರ್, 2 ನಿಮಿಷ. ನಮ್ಮ ಸಿನಿಮಾ ಹಾಡು ಸಾಮಾನ್ಯವಾಗಿ ನಾಲ್ಕು, ನಾಲ್ಕೂವರೆ ನಿಮಿಷದ್ದು. ಲೆಕ್ಕ ಹಾಕಿದರೆ ಎರಡನೇ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಹುಡುಗನ ಓಟ ಮುಗಿದಿರಬೇಕು. ಹುಡುಗಿಯದು ಮೊದಲ ಹಾಡಿನ ಅರ್ಧಕ್ಕೇ. ಇಷ್ಟಕ್ಕೆ ಕಿವಿಯೊಳಗೊಂದು ಹಾಡು ಬೇರೆ ಬೇಕಾ ಎಂದು ಮನೆಯ ಹಿರಿಯರು ಗೊಣಗಿದರೆ ತಪ್ಪೇನಿಲ್ಲ. ಆದರೆ ಆ ಆರೂವರೆ ನಿಮಿಷಕ್ಕಾಗಿ ತಿಂಗಳುಗಟ್ಟಲೆ ಕತ್ತಲಲ್ಲೇ ಎದ್ದು ಓಡಬೇಕಲ್ಲ, ಹಾಡು ನೆರವಿಗೆ ಬರುವುದು ಆಗ.

ನಮ್ಮ ಕಡೆ, ಎಮ್ಮೆದೊಡ್ಡಿಯಿಂದ ಕಡೂರು, ಬೀರೂರು, ಅತ್ತ ತರೀಕೆರೆ, ಅಜ್ಜಂಪುರದವರೆಗೆ ಬೆಳಗಿನ ಜಾವ ಯಾವ ರಸ್ತೆಗಿಳಿದರೂ ಹೀಗೆ ಓಡುವವರು ಸಿಗುತ್ತಾರೆ. ಮಳೆ ನಂಬಿ ರಾಗಿ, ಈರುಳ್ಳಿ ಹಾಕುವ ಸೀಮೆ ಇದು. ಬೋರ್‌ವೆಲ್ ಬತ್ತಿದ ವರ್ಷ ತೆಂಗು, ಅಡಿಕೆಯೂ ಕೈಕೊಡುತ್ತವೆ. ಮನೆಗೊಂದು ಸರ್ಕಾರಿ ಸಂಬಳ ಇರಲಿ ಎಂಬ ಆಸೆ ಇಲ್ಲಿ ಶೋಕಿಯಲ್ಲ. ಕಡೂರಿನಲ್ಲಿ ಪೊಲೀಸ್ ತರಬೇತಿ ಶಾಲೆಯೇ ಇರುವುದರಿಂದ ಖಾಕಿಯ ಕನಸು ಕಣ್ಣೆದುರಿಗೇ ಪರೇಡ್ ಮಾಡುತ್ತದೆ. ಪಿಸಿ, ಕೆಎಸ್‌ಆರ್‌ಪಿ, ಫಾರೆಸ್ಟ್ ಗಾರ್ಡ್, ಅಗ್ನಿವೀರ್, ಯಾವುದಕ್ಕೆ ಅರ್ಜಿ ಹಾಕಿದ್ದರೂ ‘ಫಿಸಿಕಲ್‌ಗೆ ಪ್ರಾಕ್ಟೀಸ್’ ಎಂದರೆ ಮುಗಿಯಿತು. ಈ ಹುಡುಗರ ಕೈಯಲ್ಲಿ ದೊಡ್ಡ ಫೋನು, ಎರಡೂ ಕಿವಿಯಲ್ಲಿ ಬಡ್ಸು.

ನನ್ನ ತಕರಾರು ಹಾಡಿನ ಮೇಲಲ್ಲ, ಆ ಫೋನು ಮತ್ತು ಮುಚ್ಚಿದ ಕಿವಿಯ ಮೇಲೆ. ವ್ಯಾಯಾಮಕ್ಕೆಂದು ಹಾಡಿನ ಸಾಧನ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಜಿಬಿ, ಬೇಸ್ ಹೇಗಿದೆ? ಓಡುವಾಗ ಇವೆರಡೂ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ನೋಡದೆಯೇ ಒತ್ತಬಹುದಾದ ಗುಂಡಿ ಇದೆಯಾ, ಹಾಡಿನ ಜೊತೆಗೆ ಹಿಂದಿನಿಂದ ಬರುವ ಟ್ರ್ಯಾಕ್ಟರೂ ಕೇಳಿಸುತ್ತದಾ ಎಂದು ಮೊದಲು ನೋಡಬೇಕು.

ಗುಂಡಿಯಿಂದ ಶುರುಮಾಡೋಣ. ಈಗಿನ ಸ್ಮಾರ್ಟ್‌ಫೋನಿನ ತೂಕ 200 ಗ್ರಾಂ ಆಸುಪಾಸು. ಕೈಯಲ್ಲಿ ಹಿಡಿದರೆ ಒಂದು ಭುಜ ಬಿಗಿಯಾಗುತ್ತದೆ, ಟ್ರ್ಯಾಕ್ ಪ್ಯಾಂಟಿನ ಜೇಬಿಗಿಟ್ಟರೆ ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತದೆ. ಅದನ್ನಾದರೂ ಸಹಿಸಬಹುದು, ಬೆವರಿನ ಕಾಟ ಬೇರೆಯೇ. ಟಚ್ ಸ್ಕ್ರೀನ್ ನಮ್ಮ ಬೆರಳನ್ನು ಗುರುತಿಸುವುದು ಒತ್ತಡದಿಂದಲ್ಲ, ಪರದೆಯ ಮೇಲಿನ ಸೂಕ್ಷ್ಮ ವಿದ್ಯುತ್ ಕ್ಷೇತ್ರದಲ್ಲಿ ಬೆರಳು ಉಂಟುಮಾಡುವ ಬದಲಾವಣೆಯಿಂದ. ಬೆವರು ಉಪ್ಪುನೀರು, ಅದೂ ವಿದ್ಯುತ್ತನ್ನು ಹರಿಸುತ್ತದೆ. ಹಾಗಾಗಿ ಪರದೆಯ ಮೇಲೆ ಬೆವರು ಬಿದ್ದರೆ ಫೋನಿಗೆ ಯಾವುದು ಬೆರಳು, ಯಾವುದು ಹನಿ ಎಂಬುದೇ ಗೊಂದಲ. ಹಾಡು ತಾನಾಗಿ ಬದಲಾಗುತ್ತದೆ, ಯಾರಿಗೋ ಕರೆ ಹೋಗುತ್ತದೆ, ನಿಜವಾಗಿ ಒತ್ತಿದಾಗ ಮಾತ್ರ ಜಪ್ಪಯ್ಯ ಅಂದರೂ ಕೇಳುವುದಿಲ್ಲ. ಓಡುತ್ತಿರುವವನು ಆಗ ತಲೆ ಬಗ್ಗಿಸಿ ಪರದೆ ನೋಡುತ್ತಾನೆ. ಕೆರೆ ಏರಿಯ ಮೇಲೋ, ಜಲ್ಲಿ ಕಿತ್ತ ಹಳ್ಳಿ ರಸ್ತೆಯ ಮೇಲೋ ಪಾದ ಉಳುಕಲು ಅಷ್ಟು ಸಾಕು. ಪರೀಕ್ಷೆಗೆ ತಿಂಗಳಿದ್ದಾಗ ಕಾಲು ಉಳುಕಿದರೆ ಆ ವರ್ಷದ ಅರ್ಜಿಯೇ ಹೋದಂತೆ.

ಹಿಂದೆ ಇದಕ್ಕೆಂದೇ ಮಾಡಿದ ಸಾಧನಗಳಿದ್ದವು. 1979ರಲ್ಲಿ ಸೋನಿ ಕಂಪನಿ ವಾಕ್‌ಮನ್ ತಂದ ಮೇಲೆ ನಡೆಯುತ್ತ ಹಾಡು ಕೇಳುವುದು ಶುರುವಾಯಿತು, ಕ್ಯಾಸೆಟ್ಟು ಸೊಂಟಕ್ಕೇರಿತು. 2001ರಲ್ಲಿ ಆಪಲ್‌ನ ಐಪಾಡ್ ಬಂತು. ವ್ಯಾಯಾಮದವರಿಗೆ ಹೇಳಿಮಾಡಿಸಿದ್ದು ಅದರ ತಮ್ಮ ಐಪಾಡ್ ಶಫಲ್. 2006ರಲ್ಲಿ ಬಂದ ಅದರ ಎರಡನೇ ಅವತಾರಕ್ಕೆ ಪರದೆಯೇ ಇರಲಿಲ್ಲ, ಅಂಗಿಗೆ ಸಿಕ್ಕಿಸುವ ಕ್ಲಿಪ್ಪು, ದುಂಡಗಿನ ಗುಂಡಿ, ಅಷ್ಟೇ. 2017ರಲ್ಲಿ ಶಫಲ್ ನಿಂತಿತು, 2022ರ ಮೇ ತಿಂಗಳಲ್ಲಿ ಐಪಾಡ್ ವಂಶವೇ ಮುಗಿಯಿತು. ಎಲ್ಲವೂ ಫೋನಿನೊಳಗೆ ಸೇರಿದ ಮೇಲೆ ಬೇರೆ ಡಬ್ಬಿ ಯಾರಿಗೆ ಬೇಕು ಎಂಬುದು ಕಂಪನಿಗಳ ಲೆಕ್ಕ. ಬೆವರುವವರನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಈಗ ಉಳಿದಿರುವುದೇನು? ಸ್ಯಾನ್‌ಡಿಸ್ಕ್‌ನ ಕ್ಲಿಪ್ ಸ್ಪೋರ್ಟ್ ತರಹದ ಕೆಲವು ಪ್ಲೇಯರುಗಳು, ಆನ್‌ಲೈನಿನಲ್ಲಿ ಸಿಗುವ ಹೆಸರಿಲ್ಲದ ಅಗ್ಗದ ಎಂಪಿ3 ಬಿಲ್ಲೆಗಳು, ಮತ್ತೆ ಯಾರೂ ಮ್ಯೂಸಿಕ್ ಪ್ಲೇಯರ್ ಎಂದು ಕರೆಯದ ಕೀಪ್ಯಾಡ್ ಮೊಬೈಲು. ನನ್ನನ್ನು ಕೇಳಿದರೆ ನಮ್ಮ ಕಡೆಯ ಓಟಗಾರರಿಗೆ ಇವುಗಳಲ್ಲಿ ಕೊನೆಯದೇ ವಾಸಿ. ಒಂದೂವರೆ, ಎರಡು ಸಾವಿರಕ್ಕೆ ಸಿಗುತ್ತದೆ, ಬಹುಪಾಲು ನೂರು ಗ್ರಾಂನೊಳಗೆ ತೂಗುತ್ತದೆ. ಮೆಮೊರಿ ಕಾರ್ಡ್ ಹಾಕಬಹುದು, ಎಫ್‌ಎಂ ಇರುತ್ತದೆ, ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಗುಂಡಿಗಳಿವೆ. ಕತ್ತಲಲ್ಲೂ ಬೆರಳಿಗೆ ಐದರ ಗುಂಡಿಯ ಮೇಲಿನ ಸಣ್ಣ ಉಬ್ಬು ಸಿಗುತ್ತದೆ; ಅಲ್ಲಿಂದ ಉಳಿದವು ಅಂದಾಜಿಗೆ ಬರುತ್ತವೆ. ಮನೆಯ ಮೂಲೆಯಲ್ಲಿ ಅಜ್ಜಿಯದೋ ಅಪ್ಪನದೋ ಹಳೆಯದೊಂದು ಬಿದ್ದಿದ್ದರೆ ಖರ್ಚು ಬ್ಯಾಟರಿಯದು ಮಾತ್ರ.

ಅದನ್ನು ಮೈಮೇಲೆ ಎಲ್ಲಿಡುವುದು? ಅಂಗಡಿಯಲ್ಲಿ ತೋಳಿಗೆ ಕಟ್ಟುವ ಪಟ್ಟಿ ಸಿಗುತ್ತದೆ, ಆದರೆ ಅದು ದೊಡ್ಡ ಫೋನಿನ ಅಳತೆಯದು. ಉದ್ದನೆಯ ಹಳೆಯ ಕಾಲುಚೀಲದ ಪಾದದ ಭಾಗ ಕತ್ತರಿಸಿ ಬಿಸಾಕಿ, ಉಳಿದ ಕೊಳವೆಯನ್ನು ಮೇಲ್ದೋಳಿಗೆ ಏರಿಸಿ, ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚಿದರೆ ಎರಡು ಪದರದ ನಡುವೆ ಕೀಪ್ಯಾಡ್ ಮೊಬೈಲು ಅಲುಗಾಡದೆ ಕೂರುತ್ತದೆ. ಬಟ್ಟೆಯ ಮೇಲಿಂದಲೇ ಗುಂಡಿ ಒತ್ತಬಹುದು. ಬೆವರು ನೇರವಾಗಿ ತಾಗದಂತೆ ಮೊಬೈಲಿಗೆ ತೆಳುವಾದ ಪ್ಲಾಸ್ಟಿಕ್ ಕವರ್ ಸುತ್ತಿದರೆ ಆಯಿತು.

ಒಂಟಿಯಾಗಿ ಓಡುವ ಹುಡುಗಿಯರಿಗಂತೂ ಬರೀ ಹಾಡಿನ ಡಬ್ಬಿ ಸಾಲದು, ಕರೆ ಮಾಡುವ ಸಾಧನವೂ ಜೊತೆಗಿರಬೇಕು. ಅದಿಲ್ಲದೆ ಮನೆಯವರು ಹೊರಗೆ ಬಿಡುವುದೂ ಇಲ್ಲ. ಕೀಪ್ಯಾಡ್ ಮೊಬೈಲಿನಲ್ಲಿ ಎರಡರ ಗುಂಡಿಯನ್ನು ಒತ್ತಿಹಿಡಿದರೆ ಅಣ್ಣನಿಗೋ ಅಮ್ಮನಿಗೋ ಕರೆ ಹೋಗುವ ಹಾಗೆ ಸ್ಪೀಡ್ ಡಯಲ್ ಮಾಡಿಟ್ಟುಕೊಳ್ಳಬಹುದು. ಬೆರಳಚ್ಚು ಒತ್ತು, ಹೆಸರು ಹುಡುಕು ಎಂಬ ರಗಳೆ ಇಲ್ಲ. ಎರಡು ಸಾವಿರದೊಳಗೆ ಇದನ್ನು ಕೊಡುವ ಬೇರೆ ಪ್ಲೇಯರ್ ನಾನು ನೋಡಿಲ್ಲ.

ಹಾಡು ತುಂಬುವ ವಿಚಾರಕ್ಕೆ ಬಂದರೆ, ಜಿಬಿಯ ಹುಚ್ಚು ಬೇಡ. ಸಾಧಾರಣ ಗುಣಮಟ್ಟದ, ಅಂದರೆ 128 ಕೆಬಿಪಿಎಸ್‌ನ ಎಂಪಿ3 ಹಾಡು ನಿಮಿಷಕ್ಕೆ ಸುಮಾರು ಒಂದು ಎಂಬಿ ಜಾಗ ತಿನ್ನುತ್ತದೆ. ನಾಲ್ಕು ನಿಮಿಷದ ಹಾಡಿಗೆ ನಾಲ್ಕು ಎಂಬಿ. ಎರಡು ಜಿಬಿಯ ಕಾರ್ಡಿನಲ್ಲಿ ಐನೂರು ಹಾಡು ಹಿಡಿಯುತ್ತದೆ. ಓಟಕ್ಕೆ ಬೇಕಾದದ್ದು ನಲವತ್ತೋ ಐವತ್ತೋ. 64 ಜಿಬಿಯ ಹೊಸ ಕಾರ್ಡ್ ತಂದು ಹಾಕಿ ‘ತಗೊಳ್ತಾನೇ ಇಲ್ಲ’ ಎಂದು ಅಂಗಡಿಗೆ ವಾಪಸು ಬರುವವರಿದ್ದಾರೆ. ಕಾರ್ಡ್ ಕೆಟ್ಟಿರುವುದಿಲ್ಲ. ಇಂಥ ಮೊಬೈಲುಗಳು ಸಾಮಾನ್ಯವಾಗಿ 32 ಜಿಬಿವರೆಗಿನ ಕಾರ್ಡನ್ನು ಮಾತ್ರ ಓದುತ್ತವೆ. ಅದಕ್ಕಿಂತ ದೊಡ್ಡವು ಬೇರೆ ಬಗೆಯ ಫಾರ್ಮ್ಯಾಟಿನಲ್ಲಿ ಬರುತ್ತವೆ. ಹಾಡಿನ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿದ್ದನ್ನು ಕಾರ್ಡಿಗೆ ಹಾಕಿಕೊಳ್ಳೋಣ ಎಂದರೆ ಅದೂ ಆಗದು. ಆ ಹಾಡುಗಳಿಗೆ ಆ್ಯಪಿನೊಳಗೇ ಬೀಗ ಹಾಕಿರುತ್ತಾರೆ. ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗಳಲ್ಲಿ ಚಿಪ್ಪಿಗೆ ಹಾಡು ತುಂಬಿಸಿಕೊಡುತ್ತಿದ್ದ ಕಾಲವೊಂದಿತ್ತು. ಅದು ಬಹುಪಾಲು ಕಳ್ಳಮಾಲು ಎಂಬುದು ಗೊತ್ತಿದ್ದೂ ನಾವೆಲ್ಲ ಸಾಲಿನಲ್ಲಿ ನಿಂತವರೇ. ಪೊಲೀಸ್ ಆಗಲು ಓಡುವವರು ಹಾಡನ್ನು ದುಡ್ಡು ಕೊಟ್ಟೇ ಕೊಳ್ಳಲಿ.

ಫೈಲಿನ ಹೆಸರಿನ ಮುಂದೆ 01, 02 ಎಂದು ನಂಬರ್ ಹಾಕಿದರೆ ಹೆಚ್ಚಿನ ಸಾದಾ ಪ್ಲೇಯರುಗಳು ಅದೇ ಸಾಲಿನಲ್ಲಿ ನುಡಿಸುತ್ತವೆ. ಮೊದಲಿಗೆ ಮೈ ಬೆಚ್ಚಗಾಗಲು ನಿಧಾನದ ಎರಡು ಹಾಡು, ಮಧ್ಯೆ ಬಿರುಸಿನವು, ಕೊನೆಗೆ ಉಸಿರು ಇಳಿಸಲು ಒಂದು. ಹೀಗೆ ಜೋಡಿಸಿಟ್ಟರೆ ಓಡುವಾಗ ಗುಂಡಿಯ ಹಂಗೂ ಇಲ್ಲ.

ಯಾವುದು ಬಿರುಸಿನ ಹಾಡು? ಬೀಸುವಾಗ, ಕುಟ್ಟುವಾಗ ಹಾಡಿಕೊಂಡ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ; ಕೈ ಓಡುವ ವೇಗಕ್ಕೆ ಪದ ಕೂರುತ್ತಿತ್ತು. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕಾಸ್ಟಾಸ್ ಕರಗಿಯೋರ್ಗಿಸ್ ಅವರು ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ಸಾಧಾರಣ ವೇಗದ ವ್ಯಾಯಾಮದಲ್ಲಿ ಹಾಡು ಆಯಾಸದ ಅನುಭವವನ್ನು ತಗ್ಗಿಸುತ್ತದೆ, ಹೆಜ್ಜೆ ಮತ್ತು ತಾಳ ಕೂಡಿಕೊಂಡರೆ ಇನ್ನೂ ಹೆಚ್ಚು ಹೊತ್ತು ಎಳೆಯಬಹುದು ಎಂಬುದು ಅವರ ಸಂಶೋಧನೆಯ ತಿರುಳು. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರ ಫೆಬ್ರುವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 2000 ಮೀಟರ್ ಒಳಾಂಗಣ ಓಟದ ವಿಶ್ವದಾಖಲೆಯನ್ನು 4 ನಿಮಿಷ 52.86 ಸೆಕೆಂಡಿಗೆ ಇಳಿಸಿದಾಗ ಕ್ರೀಡಾಂಗಣದ ಸ್ಪೀಕರಿನಲ್ಲಿ ‘ಸ್ಕ್ಯಾಟ್‌ಮನ್’ ಎಂಬ ಹಾಡು ಹಾಕಿಸಿಕೊಂಡು ಅದರ ತಾಳಕ್ಕೇ ಹೆಜ್ಜೆ ಹಾಕಿದ್ದರು. ಆದರೆ ಉಸಿರು ಪೂರ್ತಿ ಏರಿ ಏದುಸಿರು ಬಿಡುವ ಹಂತಕ್ಕೆ ಹೋದರೆ ಹಾಡಿನ ಈ ಮಾಯೆ ಕಡಿಮೆಯಾಗುತ್ತದೆ. ಆಗ ಮನಸ್ಸಿಗೆ ಕೇಳುವುದು ಎದೆಯ ಬಡಿತ ಮಾತ್ರ.

ತಾಳದ ಲೆಕ್ಕ ಹಾಕಲು ಆ್ಯಪ್ ಬೇಡ. ಹಾಡು ಹಾಕಿ ಗಡಿಯಾರ ನೋಡುತ್ತ ಹದಿನೈದು ಸೆಕೆಂಡು ತೊಡೆ ತಟ್ಟಿ, ಬಂದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ. 120ರಿಂದ 140ರೊಳಗೆ ಬಂದರೆ ವ್ಯಾಯಾಮಕ್ಕೆ ಸಾಮಾನ್ಯವಾಗಿ ಒಗ್ಗುತ್ತದೆ. ಓಡುವಾಗ ನಿಮಿಷಕ್ಕೆ 160, 170 ಹೆಜ್ಜೆ ಬೀಳುವವರು 80, 85ರ ಹಾಡು ಹಿಡಿದರೂ ಆದೀತು, ಒಂದು ತಟ್ಟಿಗೆ ಎರಡು ಹೆಜ್ಜೆ. ನನ್ನ ಮೆಚ್ಚಿನದು ಸಿನಿಮಾ ಹಾಡಲ್ಲ, ಡೊಳ್ಳು. ನಿಧಾನವಾಗಿ ಎದ್ದು, ಬರಬರುತ್ತ ಬಿರುಸಾಗಿ, ಒಮ್ಮೆಗೇ ಇಳಿದು ಮತ್ತೆ ಏರುತ್ತದೆ; ನಿಧಾನ, ಜೋರು, ಮತ್ತೆ ನಿಧಾನ ಎಂದು ಕೋಚ್‌ಗಳು ಓಡಿಸುವ ಕ್ರಮವೇ ಅದು. ಪರಿಚಯದ ತಂಡವಿದ್ದರೆ ಕೇಳಿ, ದೇವರ ಉತ್ಸವದಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದು. ಡೊಳ್ಳನ್ನು ಸೊಂಟಕ್ಕೆ ಕಟ್ಟಿ ಕುಣಿಯುವ ಹುಡುಗರಿಗಂತೂ ಬೇರೆ ಫಿಸಿಕಲ್ ಪ್ರಾಕ್ಟೀಸೇ ಬೇಡ ಅನಿಸುತ್ತದೆ.

ಇನ್ನು ಕಿವಿ. ಓಡುವವರಿಗೆ ಸಾಧನ ಆರಿಸುವಾಗ ನಾನು ಹಟ ಹಿಡಿಯುವುದು ಇಲ್ಲೇ. ಎಮ್ಮೆದೊಡ್ಡಿಯ ಸುತ್ತ ಕುರುಚಲು ಕಾಡು, ಗುಡ್ಡ. ಚಿರತೆ, ಕರಡಿ ಓಡಾಡುವ ಜಾಗ. ಕಡೂರು ತಾಲ್ಲೂಕಿನದೇ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಕೃಷ್ಣಮೃಗ ಯಾರಿಗೂ ತೊಂದರೆ ಕೊಡುವುದಿಲ್ಲ ಬಿಡಿ, ಕರಡಿಯದು ಹಾಗಲ್ಲ. ಮುಂಜಾನೆ, ಮುಸ್ಸಂಜೆ ಅದು ಓಡಾಡುವ ಹೊತ್ತು, ಎದುರಾಬದುರಾ ಆದರೆ ಗಾಬರಿಯಿಂದಲೇ ಮೇಲೆ ಬೀಳುತ್ತದೆ. ಪೊದೆಯ ಸದ್ದು ಕೇಳಿದವನು ನಿಲ್ಲುತ್ತಾನೆ, ಕೇಳದವನು ಹತ್ತಿರ ಹೋಗುತ್ತಾನೆ. ದಿನನಿತ್ಯದ ಅಪಾಯ ಇದಕ್ಕಿಂತ ಸಾಮಾನ್ಯದ್ದು: ಬೀದಿನಾಯಿ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು, ಹಾಲಿನ ಗಾಡಿ, ಶಿವಮೊಗ್ಗ–ಬೆಂಗಳೂರು ಹೆದ್ದಾರಿಯ ಟಿಪ್ಪರು. ರೈಲು ಹಳಿಯ ಪಕ್ಕದ ಕಾಲುದಾರಿಯಲ್ಲಿ ಓಡುವವರೂ ಇದ್ದಾರೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ವಿದ್ಯುತ್ ಎಂಜಿನ್ ಬಂದ ಮೇಲೆ ಹಳೆಯ ಡೀಸೆಲ್ ಎಂಜಿನ್ನಿನ ಆರ್ಭಟ ಮೊದಲಿನಂತೆ ದೂರದಿಂದ ಕೇಳುವುದಿಲ್ಲ. ಅಲ್ಲಿ ಓಡಲೇಬೇಡಿ, ಹಾಡು ಇದ್ದರೂ ಇಲ್ಲದಿದ್ದರೂ.

ಆದ್ದರಿಂದ ಕಿವಿಯೊಳಕ್ಕೆ ಬಿರಡೆಯಂತೆ ಕೂರುವ ರಬ್ಬರ್ ತುದಿಯ ಇಯರ್‌ಫೋನು, ಹೊರಗಿನ ಶಬ್ದವನ್ನು ಅಳಿಸುವ ‘ನಾಯ್ಸ್ ಕ್ಯಾನ್ಸಲೇಷನ್’ ಬಡ್ಸು ರಸ್ತೆ ಓಟಕ್ಕೆ ಬೇಡವೇ ಬೇಡ. ಜಾಹೀರಾತಿನಲ್ಲಿ ಯಾವುದನ್ನು ಹೆಚ್ಚುಗಾರಿಕೆ ಎನ್ನುತ್ತಾರೋ ಅದೇ ಇಲ್ಲಿ ದೋಷ. ಅಗ್ಗದ ದಾರಿ, ಒಂದೇ ಕಿವಿಗೆ ಹಾಡು. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವ ಹಾಗೆ ಓಡಬೇಕು. ಆಗ ರಸ್ತೆ ಇರುವುದು ನಿಮ್ಮ ಎಡಕ್ಕೆ. ಎಡಗಿವಿ ಖಾಲಿ ಬಿಟ್ಟು ಬಲಗಿವಿಗೆ ಹಾಡು ಹಾಕಿ. ಹಳೆಯ ಸ್ಟೀರಿಯೊ ಹಾಡುಗಳಲ್ಲಿ ಎಡಕ್ಕೆ ಪಿಟೀಲು, ಬಲಕ್ಕೆ ತಬಲ ಎಂದು ಹಂಚಿರುತ್ತಾರೆ, ಒಂದು ಕಿವಿಯಲ್ಲಿ ಅರ್ಧ ವಾದ್ಯ ಕಾಣೆ. ಓಟಕ್ಕೆ ತಬಲ ಕೇಳಿದರೆ ಸಾಕು.

ದುಡ್ಡಿದ್ದವರಿಗೆ ಇನ್ನೊಂದು ದಾರಿ ಬೋನ್ ಕಂಡಕ್ಷನ್ ಹೆಡ್‌ಫೋನ್, ಶಾಕ್ಸ್ ಕಂಪನಿಯಿಂದ ಹೆಸರಾದದ್ದು. ಅದು ಕಿವಿಯ ತೂತಿಗೆ ಹೋಗುವುದಿಲ್ಲ. ಕಿವಿಯ ಮುಂದಿನ ಕೆನ್ನೆಮೂಳೆಗೆ ಅಂಟಿ ಕೂತು ನಡುಗುತ್ತದೆ. ಆ ಕಂಪನ ಮೂಳೆಯ ಮೂಲಕ ಒಳಗಿವಿಗೆ ಸೇರುತ್ತದೆ. ಕಿವಿ ಪೂರ್ತಿ ತೆರೆದಿರುತ್ತದೆ. ಬೇಸ್ ಕಡಿಮೆ, ಜೋರು ಮಾಡಿದರೆ ಕೆನ್ನೆಗೆ ಕಚಗುಳಿ. ಹೆಸರಾಂತ ಕಂಪನಿಯದು ಹತ್ತು ಸಾವಿರದ ಹತ್ತಿರ ಹೋಗುತ್ತದೆ. ಅಷ್ಟು ದುಡ್ಡು ಕೈಯಲ್ಲಿದ್ದರೆ ನಾನಾದರೆ ಮೊದಲು ಒಳ್ಳೆಯ ಶೂ ಕೊಳ್ಳುತ್ತೇನೆ. ತೀರಾ ಬೇಕೆಂದರೆ ಕೀಪ್ಯಾಡ್ ಮೊಬೈಲಿನಲ್ಲಿ ಬ್ಲೂಟೂತ್ ಇದೆಯೇ ನೋಡಿಕೊಂಡು ಕೊಳ್ಳಿ, ಎಲ್ಲದರಲ್ಲೂ ಇರುವುದಿಲ್ಲ. ತಂತಿಯಿಲ್ಲದ್ದೇ ಆಗಬೇಕೆನ್ನುವವರಿಗೆ ಬಿಡಿ ಬಡ್ಸಿಗಿಂತ ನೆಕ್‌ಬ್ಯಾಂಡ್ ಒಳ್ಳೆಯದು. ಕಿವಿಯಿಂದ ಜಾರಿದರೂ ಕತ್ತಿನಲ್ಲೇ ಉಳಿಯುತ್ತದೆ, ಕತ್ತಲಲ್ಲಿ ಚರಂಡಿಯಲ್ಲಿ ತಡಕುವುದು ತಪ್ಪುತ್ತದೆ.

ಡಬ್ಬದ ಮೇಲೆ ಐಪಿಎಕ್ಸ್4, ಐಪಿ67 ಎಂದೆಲ್ಲ ಬರೆದಿರುತ್ತಾರೆ. ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ಎಕ್ಸ್ ಎಂದಿದ್ದರೆ ದೂಳಿಗೆ ದರ್ಜೆ ಕೊಟ್ಟಿಲ್ಲ ಎಂದರ್ಥ. ನೀರಿನ 4 ಎಂದರೆ ಎಲ್ಲ ಕಡೆಯಿಂದ ಎರಚುವ ಹನಿಯನ್ನು ತಡೆಯುತ್ತದೆ, ಬೆವರಿಗೆ ಅಷ್ಟು ಸಾಕು. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ನಮ್ಮ ಬೆವರು ಉಪ್ಪು. ಓಡಿ ಬಂದ ಮೇಲೆ ಚಾರ್ಜರ್ ಪಿನ್ ಹಾಕುವ ಜಾಗವನ್ನು ಒಣಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆಯೇ ಚಾರ್ಜಿಗೆ ಹಾಕಬೇಕು. ಇಂಥವು ಹೆಚ್ಚಾಗಿ ಸಾಯುವುದು ಆ ತೂತಿನಿಂದಲೇ. ಈಜುವವರ ಕಥೆ ಬೇರೆ: ಬ್ಲೂಟೂತ್ ಅಲೆಗಳನ್ನು ನೀರು ನುಂಗಿಬಿಡುವುದರಿಂದ ಹಾಡು ಕಿವಿಯ ಸಾಧನದೊಳಗೇ ತುಂಬಿರಬೇಕು. ಸೋನಿಯ ಎನ್‌ಡಬ್ಲ್ಯು-ಡಬ್ಲ್ಯುಎಸ್413 ಅಂಥದ್ದು. ಅದು ಈಜುಕೊಳದವರಿಗೆ, ಮದಗದ ಕೆರೆಗೆ ಅದನ್ನು ಹಾಕಿಕೊಂಡು ಇಳಿಯುವ ಸಾಹಸ ಯಾರಿಗೂ ಬೇಡ.

ಡಾಕ್ಟರು ನಡೆಯಲು ಹೇಳಿದ್ದಾರೆ ಎಂದು ಬೆಳಿಗ್ಗೆ ಶಾಲು ಹೊದ್ದು ಹೊರಡುವ ಹಿರಿಯರಿಗೆ ಇದ್ಯಾವುದೂ ಬೇಕಿಲ್ಲ, ಎಫ್‌ಎಂ ಸಾಕು. ಭದ್ರಾವತಿ ಆಕಾಶವಾಣಿ ಇದೆ, ಹಾಸನ, ಚಿತ್ರದುರ್ಗದವೂ ಇವೆ. ಬಹಳಷ್ಟು ಮೊಬೈಲುಗಳಲ್ಲಿ ಇಯರ್‌ಫೋನಿನ ತಂತಿಯೇ ರೇಡಿಯೊದ ಏರಿಯಲ್. ತಂತಿ ಕಿತ್ತು ಬ್ಲೂಟೂತ್ ಹಾಕಿ ‘ಸ್ಟೇಷನ್ನೇ ಹಿಡಿಯಲ್ಲ’ ಎಂದು ಬೈಯಬೇಡಿ.

ಜೋರಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿ. 80 ಡೆಸಿಬಲ್‌ನಲ್ಲಾದರೆ ವಾರಕ್ಕೆ 40 ಗಂಟೆ ಕೇಳಬಹುದು, 90ಕ್ಕೆ ಏರಿಸಿದರೆ ನಾಲ್ಕೇ ಗಂಟೆ. ಪೂರ್ತಿ ಧ್ವನಿಯ ಅರವತ್ತು ಪರ್ಸೆಂಟ್ ದಾಟಬೇಡಿ ಎಂಬುದು ಅವರ ಸಲಹೆ. ಒಂದು ಕಿವಿ ಬಿಟ್ಟವರು ಇನ್ನೊಂದು ಕಿವಿಗೆ ಜೋರು ಮಾಡಿಕೊಳ್ಳುವುದುಂಟು, ಅದನ್ನು ಗಮನದಲ್ಲಿಟ್ಟುಕೊಳ್ಳಿ. ಅಂಗಡಿಯಲ್ಲಿ ಕೊಳ್ಳುವಾಗ ಅತಿ ಕಡಿಮೆ ಧ್ವನಿ ಎಷ್ಟು ಎಂಬುದನ್ನೂ ನೋಡಿ. ಕೆಲವು ಅಗ್ಗದ ಬಿಲ್ಲೆಗಳಲ್ಲಿ ಮೊದಲ ಮೆಟ್ಟಿಲೇ ಕಿವಿಗೆ ಹೊಡೆಯುತ್ತದೆ. ಹಾಗೆಯೇ ಕೈ ಒದ್ದೆ ಮಾಡಿಕೊಂಡು, ಕಣ್ಣುಮುಚ್ಚಿ, ಹಾಡು ನಿಲ್ಲಿಸಿ ಮತ್ತೆ ಶುರುಮಾಡಿ ನೋಡಿ. ಅಂಗಡಿಯವನು ವಿಚಿತ್ರವಾಗಿ ನೋಡಿದರೆ ನೋಡಲಿ.

ಒಂದು ಮಾತು ಉಳಿಯಿತು. ಪರೀಕ್ಷೆಯ ದಿನ ಮೈದಾನದೊಳಗೆ ಮೊಬೈಲೂ ಇಲ್ಲ, ಇಯರ್‌ಫೋನೂ ಇಲ್ಲ. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮವೂ ಸ್ಪರ್ಧೆಯ ಅಂಗಳದಲ್ಲಿ ಇಂಥ ಸಾಧನವನ್ನು ಹೊರಗಿನ ನೆರವು ಎಂದೇ ಪರಿಗಣಿಸುತ್ತದೆ. ಹಾಡಿನ ತಾಳಕ್ಕೇ ಕಾಲು ಒಗ್ಗಿಸಿಕೊಂಡವನು ಆವತ್ತು ಸದ್ದಿಲ್ಲದ ಟ್ರ್ಯಾಕಿನಲ್ಲಿ ಮೊದಲ ಸುತ್ತನ್ನೇ ಜೋರಾಗಿ ಓಡಿ ಮೂರನೆಯದಕ್ಕೆ ಸುಸ್ತಾಗುತ್ತಾನೆ. ಕೊನೆಯ ಒಂದು ತಿಂಗಳು ಹಾಡನ್ನು ಮೈ ಬೆಚ್ಚಗಾಗಿಸುವ ಹೊತ್ತಿಗೆ ಮಾತ್ರ ಇಟ್ಟುಕೊಂಡು, ಅಳತೆಯ ಓಟವನ್ನು ಕೈಗಡಿಯಾರದ ಮೇಲೆ ಓಡಬೇಕು. 400 ಮೀಟರ್ ಟ್ರ್ಯಾಕಾದರೆ ನಾಲ್ಕು ಸುತ್ತು. ಸುತ್ತಿಗೆ 97 ಸೆಕೆಂಡು ದಾಟದಿದ್ದರೆ ಆರೂವರೆ ನಿಮಿಷದೊಳಗೆ ಬರುತ್ತೀರಿ. 95ಕ್ಕೆ ಅಭ್ಯಾಸ ಮಾಡಿಕೊಂಡರೆ ಕೊನೆಯ ಸುತ್ತಿಗೆ ಹತ್ತು ಸೆಕೆಂಡು ಕೈಯಲ್ಲಿರುತ್ತದೆ. ಆವತ್ತು ಮೊಬೈಲನ್ನು ಗೇಟಿನ ಹೊರಗೆ, ಜೊತೆಗೆ ಬಂದ ತಮ್ಮನ ಕೈಗೆ ಕೊಟ್ಟು ಹೋಗಿ.